ಗುದ್ದಲಿ ಪೂಜೆ ಆಯ್ತು, ರೊಕ್ಕ ಎಲ್ಲಿ ಕುಂತೈತಿ?

ನಮ್ಮ ಓಣಿಯ ಪಕ್ಕಕ್ಕೆ ಒಂದು ಗಟಾರ ಇದೆ. ಮಳೆ ಬಂದರೆ ಅದು ರಸ್ತೆಗೆ ಬರುತ್ತೆ, ಬಿಸಿಲು ಬಿದ್ದರೆ ಸೊಳ್ಳೆ ಮನೆಗೆ ಬರುತ್ತವೆ. ವಿಜಯಪುರ ಜಿಲ್ಲೆಯ ಒಂದು ಪುರಸಭೆ ಊರು ನಮ್ಮದು, ಹೆಸರು ಬೇಡ. ಎರಡು ಯುಗಾದಿ ಹಿಂದೆ ಇಲ್ಲಿ ಗುದ್ದಲಿ ಪೂಜೆ ಆಯಿತು. ಪೆಂಡಾಲು, ಹಾರ, ತೆಂಗಿನಕಾಯಿ, ಫೋಟೋ. ಬ್ಯಾನರ್ ಮೇಲೆ ‘50 ಲಕ್ಷ ರೂ. ವೆಚ್ಚದಲ್ಲಿ ಸಿಸಿ ರಸ್ತೆ ಮತ್ತು ಚರಂಡಿ’ ಅಂತ ದಪ್ಪ ಅಕ್ಷರ. ಅವತ್ತು ಅಗೆದ ಒಂದಡಿ ಗುಂಡಿಯಲ್ಲಿ ಈಗ ಹುಲ್ಲು ಬೆಳೆದಿದೆ.

ಓಣಿಯ ಕೊನೆಯ ಮನೆ ನಮ್ಮ ಕಾಕಾನದು. ಸ್ವಂತ ಕಾಕಾ ಅಲ್ಲ, ಓಣಿಗೆಲ್ಲ ಕಾಕಾ. ಸಿಕ್ಕಾಗೆಲ್ಲ ಅವರದು ಒಂದೇ ಪ್ರಶ್ನೆ: “ಐವತ್ತು ಲಕ್ಷ ಬಂದೈತಿ ಅಂದ್ರಲ್ಲೋ ತಮ್ಮಾ, ಯಾರ್ ತಿಂದ್ರು?”

ನಾನು ಕೆಲವು ವರ್ಷ ಒಬ್ಬ ಗುತ್ತಿಗೆದಾರರ ಹತ್ತಿರ ಬಿಲ್ ಬರೆಯುವ ಕೆಲಸ ಮಾಡಿದವನು. ಅದಕ್ಕೇ ಈ ಪ್ರಶ್ನೆ ನನಗೇ ಬೀಳುತ್ತೆ. “ಯಾರೂ ತಿಂದಿಲ್ರಿ ಕಾಕಾ, ಇನ್ನೂ ಬಂದೇ ಇಲ್ಲ” ಅಂದರೆ ಅವರು ನಂಬುವುದಿಲ್ಲ. ನಂಬದೇ ಇರುವುದಕ್ಕೆ ಕಾರಣವೂ ಇದೆ. ತಿನ್ನುವವರು ಇಲ್ಲವೇ ಇಲ್ಲ ಅಂತ ನಾನೂ ಹೇಳಲಾರೆ. ಆದರೆ ಹತ್ತರಲ್ಲಿ ಏಳೆಂಟು ಸಲ ತೊಂದರೆ ಶುರುವಾಗುವುದು ‘ರೊಕ್ಕ ಬಂತು’ ಅನ್ನುವ ಮಾತಿನಲ್ಲೇ.

ಈ ಒಂದು ಮಾತಿಗೆ ನಾಲ್ಕು ಅರ್ಥ. ಮೊದಲನೆಯದು ಘೋಷಣೆ: ಯಾರೋ ವೇದಿಕೆ ಮೇಲೆ ಹೇಳಿದರು, ಪೇಪರಿನಲ್ಲಿ ಬಂತು. ಎರಡನೆಯದು ಮಂಜೂರಾತಿ: ಸರ್ಕಾರದ ಆದೇಶ ಹೊರಟಿತು, ಕಾಮಗಾರಿ ಪಟ್ಟಿಯಲ್ಲಿ ನಮ್ಮ ಓಣಿಯ ಹೆಸರು ಸೇರಿತು. ಮೂರನೆಯದು ಬಿಡುಗಡೆ: ಹಣಕಾಸು ಇಲಾಖೆ ಹೂಂ ಅಂದು, ಪುರಸಭೆಯ ಲೆಕ್ಕಕ್ಕೆ ಕಂತು ಜಮಾ ಆಯಿತು. ನಾಲ್ಕನೆಯದು ಪಾವತಿ: ಕೆಲಸ ಮಾಡಿದವನ ಕೈಗೆ ದುಡ್ಡು ಸೇರಿತು. ನಾಲ್ಕಕ್ಕೂ ಬ್ಯಾನರ್ ಮಾತ್ರ ಒಂದೇ ಥರ. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಎರಡು ಮೂರು ವರ್ಷ ಹೋಗುವುದು ಹೊಸದೇನಲ್ಲ. ಟೆಂಡರ್ ಆಗುವ ಮೊದಲೇ ಗುದ್ದಲಿ ಪೂಜೆ ಮಾಡುವುದು, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ನಮ್ಮ ಕಡೆ ಕುಲಾವಿಗಳ ರಾಶಿಯೇ ಇದೆ.

ಸರಿ, ಈ ರೊಕ್ಕ ಎಲ್ಲಿಂದ ಹೊರಡುತ್ತೆ?

ಪುರಸಭೆಗೆ ಸ್ವಂತ ಆದಾಯ ಅಂತ ಇರುವುದು ಆಸ್ತಿ ತೆರಿಗೆ, ನಳದ ಬಿಲ್ಲು, ಮಳಿಗೆ ಬಾಡಿಗೆ, ಸಂತೆ ಕರ, ಲೈಸೆನ್ಸ್ ಶುಲ್ಕ. ಗ್ರಾಮ ಪಂಚಾಯಿತಿಗೂ ಹೆಚ್ಚು ಕಡಿಮೆ ಇಂಥವೇ. ಇದರಲ್ಲಿ ಕಸದ ಗಾಡಿಯ ಡೀಸೆಲ್ಲು, ಬ್ಲೀಚಿಂಗ್ ಪೌಡರು, ಮೋಟಾರ್ ರಿಪೇರಿ ಆದರೆ ಪುಣ್ಯ. ಹೊಸ ರಸ್ತೆ, ಹೊಸ ಪೈಪ್‌ಲೈನ್ ಅಂದರೆ ಮೇಲಿನವರ ಕಡೆ ಕೈ ಚಾಚಲೇಬೇಕು. ಹಾಗೆ ಕೈ ಚಾಚುವುದು ಭಿಕ್ಷೆ ಅಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಪ್ರತಿ ರಾಜ್ಯವೂ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ನೇಮಿಸಬೇಕು ಅಂತ ಹೇಳಿವೆ. ರಾಜ್ಯದ ಸ್ವಂತ ಆದಾಯದಲ್ಲಿ ಪಂಚಾಯಿತಿಗಳಿಗೆ ಎಷ್ಟು, ನಗರಗಳಿಗೆ ಎಷ್ಟು ಅಂತ ಶಿಫಾರಸು ಮಾಡುವುದು ಈ ಆಯೋಗದ ಕೆಲಸ. ಕರ್ನಾಟಕದ ನಾಲ್ಕನೇ ಆಯೋಗಕ್ಕೆ ಸಿ.ಜಿ. ಚಿನ್ನಸ್ವಾಮಿ ಅಧ್ಯಕ್ಷರಾಗಿದ್ದರು. ಐದನೆಯದು 2023ರಲ್ಲಿ ಸಿ. ನಾರಾಯಣಸ್ವಾಮಿ ಅಧ್ಯಕ್ಷತೆಯಲ್ಲಿ ರಚನೆಯಾಯಿತು. ಆಯೋಗ ಹೇಳಿದ್ದನ್ನೆಲ್ಲ ಸರ್ಕಾರ ಒಪ್ಪಲೇಬೇಕು ಅಂತೇನಿಲ್ಲ. ಅದು ಬೇರೆ ಕತೆ.

ಪುರಸಭೆಯಲ್ಲಿ ‘ಎಸ್‌ಎಫ್‌ಸಿ’ ಅಂತ ಎಲ್ಲರ ಬಾಯಲ್ಲೂ ಓಡಾಡುವುದು ಈ ರಾಜ್ಯ ಹಣಕಾಸು ಆಯೋಗದ ಹಣವೇ. ಹೆಸರು ಒಂದೇ ಆದರೂ ಅದರೊಳಗೆ ಬೇರೆ ಬೇರೆ ಡಬ್ಬಿಗಳಿವೆ. ವೇತನದ ಡಬ್ಬಿ, ವಿದ್ಯುತ್ತಿನ ಡಬ್ಬಿ, ಮುಕ್ತನಿಧಿ, ವಿಶೇಷ ಅನುದಾನ. ಇದರಲ್ಲಿ ವಿದ್ಯುತ್ತಿನ ಡಬ್ಬಿ ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಅರ್ಥ ಆಗಬೇಕು. ವಿಜಯಪುರ ನಗರಕ್ಕೆ ಕೊಲ್ಹಾರದ ಕಡೆಯಿಂದ ಕೃಷ್ಣೆಯ ನೀರು ಎತ್ತಿ ತರಬೇಕು. ಭೂತನಾಳ ಕೆರೆ ಒಂದನ್ನೇ ನಂಬಿದ ಕಾಲ ಎಂದೋ ಹೋಯಿತು. ನೀರು ಎತ್ತಬೇಕು ಅಂದರೆ ಮೋಟಾರು, ಮೋಟಾರು ಅಂದರೆ ಹೆಸ್ಕಾಂ ಬಿಲ್ಲು. ಬೀದಿ ದೀಪದ್ದು ಅದರ ಮೇಲೆ. ಊರಿಗೆ ಬಂದ ಅನುದಾನದಲ್ಲಿ ಒಂದು ಪಾಲು ರಸ್ತೆಯ ಮುಖವನ್ನೂ ನೋಡದೆ ಕರೆಂಟಿಗೆ ಹೋಗುತ್ತೆ ಅಂದರೆ ಕಾಕಾಗೆ ಸಿಟ್ಟು. ನಳದಲ್ಲಿ ನೀರು ಬರದಿದ್ದರೂ ಅವರಿಗೆ ಸಿಟ್ಟೇ!

ರಸ್ತೆ, ಗಟಾರಕ್ಕೆ ಬಳಸಬಹುದಾದದ್ದು ಮುಕ್ತನಿಧಿ. ಮುಕ್ತ ಅಂತ ಹೆಸರು, ಆದರೂ ಪೂರ್ತಿ ಮುಕ್ತ ಅಲ್ಲ. ಅದರಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ತೆಗೆದಿಡಬೇಕು. ಒಂದು ಕೋಟಿ ಬಂತು ಅನ್ನೋಣ. 24 ಲಕ್ಷದ 10 ಸಾವಿರ, 7 ಲಕ್ಷದ 25 ಸಾವಿರ, 5 ಲಕ್ಷ. ಒಟ್ಟು 36 ಲಕ್ಷದ 35 ಸಾವಿರ ಬೇರೆ ಆಯಿತು. ಊರಿನ ಸಾಮಾನ್ಯ ಕೆಲಸಕ್ಕೆ ಉಳಿದದ್ದು 63 ಲಕ್ಷದ 65 ಸಾವಿರ. ಇದು ಕಡಿತ ಅಲ್ಲ, ಹಂಚಿಕೆ. ಇಲ್ಲದಿದ್ದರೆ ಸಭೆಯಲ್ಲಿ ದನಿ ಜೋರಾಗಿರುವ ಓಣಿಗೇ ಎಲ್ಲವೂ ಹೋಗುತ್ತಿತ್ತು ಅಂತ ನನ್ನ ಅನಿಸಿಕೆ. ‘ಒಂದು ಕೋಟಿ ಬಂತು, ಅರವತ್ತೇ ಕಾಣ್ತು, ಉಳಿದದ್ದು ಎಲ್ಲಿ’ ಅಂತ ಕೇಳುವವರಿಗೆ ಉತ್ತರ ಇಷ್ಟೇ: ಉಳಿದದ್ದು ಬೇರೆ ಓಣಿಯಲ್ಲಿದೆ, ಹೋಗಿ ನೋಡಿ.

ಇನ್ನೊಂದು ದೊಡ್ಡ ಹೊಳೆ ದಿಲ್ಲಿಯಿಂದ ಬರುತ್ತೆ: ಕೇಂದ್ರ ಹಣಕಾಸು ಆಯೋಗದ ಅನುದಾನ. ಹಳ್ಳಿ ಕಡೆ ‘ಹದಿನೈದನೇ ಹಣಕಾಸು’ ಅಂತಲೇ ಕರೆಯುತ್ತಾರೆ. ಆ 15ನೇ ಆಯೋಗದ ಲೆಕ್ಕ 2021ರಿಂದ 2026ರ ಮಾರ್ಚ್‌ವರೆಗಿನದು, ಆಮೇಲಿನ ಐದು ವರ್ಷ 16ನೇ ಆಯೋಗದ್ದು. ಕರ್ನಾಟಕದಲ್ಲಿ ಹಳ್ಳಿಗಳ ಪಾಲನ್ನು ಗ್ರಾಮ ಪಂಚಾಯಿತಿಗೆ ಶೇ 85, ತಾಲ್ಲೂಕು ಪಂಚಾಯಿತಿಗೆ 10, ಜಿಲ್ಲಾ ಪಂಚಾಯಿತಿಗೆ 5 ಅಂತ ಹಂಚುತ್ತಿದ್ದರು. ದಿಲ್ಲಿಯಿಂದ ಬಂದ ಹಣವನ್ನು ರಾಜ್ಯ ಹತ್ತು ಕೆಲಸದ ದಿನಗಳೊಳಗೆ ಕೆಳಗೆ ದಾಟಿಸಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಒಳ್ಳೆಯ ನಿಯಮ. ಆದರೆ 15ನೇ ಆಯೋಗದ ಹಣದಲ್ಲಿ ಶೇ 60 ‘ನಿರ್ಬಂಧಿತ’ ಆಗಿತ್ತು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಮಾತ್ರ ಊರಿನ ಇಷ್ಟದ ಕೆಲಸಕ್ಕೆ, ಅದರಲ್ಲೂ ಸಂಬಳ ಕೊಡುವಂತಿರಲಿಲ್ಲ.

ಇದು ಗೊತ್ತಿಲ್ಲದೇ ಹಳ್ಳಿಯಲ್ಲಿ ಎಷ್ಟು ಜಗಳ ನೋಡಿದ್ದೇನೆ. ಬಾಗಲಕೋಟೆ ಕಡೆಯ ಒಂದು ಗ್ರಾಮಸಭೆಯಲ್ಲಿ ಕೆಲಸದ ಮೇಲೆ ಹೋಗಿ ಕೂತಿದ್ದೆ. ಒಬ್ಬರು ಎದ್ದು ನಿಂತು, “ಅಕೌಂಟ್‌ನ್ಯಾಗ ರೊಕ್ಕ ಐತಿ ಅಂತೀರಿ, ಹೊಲದ ದಾರಿ ಮಾಡಾಕ ರೊಕ್ಕ ಇಲ್ಲ ಅಂತೀರಿ. ಯಾವುದ್ ಖರೆ?” ಅಂದರು. ಪಿಡಿಒ, “ಎರಡೂ ಖರೇನೇ ರಿ” ಅಂದರು. ಸಭೆ ನಕ್ಕಿತು. ಆದರೆ ಪಿಡಿಒ ಹೇಳಿದ್ದು ನೂರಕ್ಕೆ ನೂರು ನಿಜ. ಇದ್ದದ್ದು ನೀರಿನ ಹಣ. ಅದನ್ನು ದಾರಿಗೆ ಹಾಕಿದರೆ ಮುಂದೆ ಆಡಿಟ್‌ನಲ್ಲಿ ಅವರ ತಲೆಗೇ ಬರುತ್ತೆ.

ಕೇಂದ್ರದ ಹಣಕ್ಕೆ ಇನ್ನೂ ಎರಡು ಕೊಂಡಿಗಳಿವೆ. ಲೆಕ್ಕಪತ್ರ ಆಡಿಟ್ ಆಗಿ ಆನ್‌ಲೈನ್‌ನಲ್ಲಿ ಕಾಣಬೇಕು. ಚುನಾಯಿತ ಮಂಡಳಿ ಇರಬೇಕು. ಎರಡನೆಯದು ನಮಗೆ ಚೆನ್ನಾಗಿಯೇ ಬಿಸಿ ಮುಟ್ಟಿಸಿದೆ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಚುನಾವಣೆ ಮುಂದೂಡಿದರೆ ಖುರ್ಚಿ ಖಾಲಿ ಉಳಿಯುತ್ತೆ ಅಷ್ಟೇ ಅಲ್ಲ, ಆ ಖುರ್ಚಿಯ ಹೆಸರಿಗೆ ಬರಬೇಕಾದ ಅನುದಾನಕ್ಕೂ ಕುತ್ತು. ಇದನ್ನು ಯಾವ ಬ್ಯಾನರ್‌ನಲ್ಲೂ ಹಾಕುವುದಿಲ್ಲ.

ಇವೆರಡಲ್ಲದೆ ಯೋಜನೆಗಳ ಹಣ ಇದೆ. ಊರುಗಳ ರಸ್ತೆ, ಚರಂಡಿಗೆ ನಗರೋತ್ಥಾನ. ಮನೆ ಮನೆಗೆ ನಳಕ್ಕೆ ಜಲಜೀವನ ಮಿಷನ್, ಕೇಂದ್ರ ಮತ್ತು ರಾಜ್ಯ ಅರ್ಧರ್ಧ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಬೆಳಗಾವಿಗೆ ಸ್ಮಾರ್ಟ್ ಸಿಟಿ: 2016ರ ಜನವರಿಯಲ್ಲಿ ಬಂದ ದೇಶದ ಮೊದಲ 20 ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಳಗಾವಿ ಮತ್ತು ದಾವಣಗೆರೆ ಎರಡೇ. ಕೇಂದ್ರದ್ದು 500 ಕೋಟಿ, ರಾಜ್ಯದ್ದು 500 ಕೋಟಿ ಅನ್ನುವ ಲೆಕ್ಕ. ಅದನ್ನು ಖರ್ಚು ಮಾಡಿದ್ದು ಪಾಲಿಕೆ ಅಲ್ಲ, ಅದಕ್ಕಂತಲೇ ಕಟ್ಟಿದ ಕಂಪನಿ. ಹಾಗಾಗಿ ‘ಪಾಲಿಕೆ ಹತ್ರ ಸಾವಿರ ಕೋಟಿ ಇತ್ತು’ ಅನ್ನುವುದು ತಪ್ಪು.

ಇನ್ನು ನಮ್ಮವರ ಖಾಯಂ ನೋವು: ಪಕ್ಕದವರ ತಟ್ಟೆ. ಸಿಂದಗಿ ದಾಟಿ ಅಫಜಲಪುರದ ಸೀಮೆಗೆ ಕಾಲಿಟ್ಟರೆ ಅದು ಕಲಬುರಗಿ ಜಿಲ್ಲೆ, ಅಂದರೆ ಕಲ್ಯಾಣ ಕರ್ನಾಟಕ. ಸಂವಿಧಾನದ 371(ಜೆ) ವಿಧಿಯ ಅಡಿ ಅವರಿಗೆ ಪ್ರತ್ಯೇಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, 2023-24ರ ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ಹೇಳಿದ್ದರು. ನಮಗೆ 2021ರಲ್ಲಿ ಹೆಸರು ಬದಲಾಯಿತು. ಮುಂಬೈ ಕರ್ನಾಟಕ ಹೋಗಿ ಕಿತ್ತೂರು ಕರ್ನಾಟಕ ಬಂತು. ಹೆಸರು ಚಂದ ಇದೆ. ಆ ಹೆಸರಿಗೆ 371(ಜೆ) ಥರದ ಸಂವಿಧಾನದ ಆಸರೆ ಮಾತ್ರ ಇಲ್ಲ.

ಈಗ ಕಾಕಾನ ಐವತ್ತು ಲಕ್ಷಕ್ಕೆ ಬರೋಣ. ಮಂಜೂರಾತಿ ಪತ್ರ ಬಂದಿದೆ ಅಂತಿಟ್ಟುಕೊಳ್ಳಿ. ಮೊದಲು ಕ್ರಿಯಾ ಯೋಜನೆ, ಅಂದರೆ ಯಾವ ಓಣಿಯಲ್ಲಿ ಎಷ್ಟು ಕೆಲಸ ಅನ್ನುವ ಪಟ್ಟಿ. ಅದು ಪುರಸಭೆಯ ಸಾಮಾನ್ಯ ಸಭೆಯಲ್ಲಿ ಪಾಸಾಗಿ, ಜಿಲ್ಲೆಯಲ್ಲಿ ಒಪ್ಪಿಗೆ ಪಡೆಯಬೇಕು. ಹಾಗೆ ಆಡಳಿತಾತ್ಮಕ ಮಂಜೂರಾತಿ ಆಯಿತು. ಆಮೇಲೆ ಎಂಜಿನಿಯರ್ ಎಸ್ಟಿಮೇಟ್ ಮಾಡುತ್ತಾರೆ, ಸರ್ಕಾರದ ದರಪಟ್ಟಿ, ಅಂದರೆ ‘ಎಸ್‌ಆರ್’ ನೋಡಿಕೊಂಡು. ಅದಕ್ಕೆ ಮೇಲಿನ ಎಂಜಿನಿಯರ್ ತಾಂತ್ರಿಕ ಮಂಜೂರಾತಿ. ಆಮೇಲೆ ಟೆಂಡರ್. 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಇದು ಆನ್‌ಲೈನ್. ಆಮೇಲೆ ಕರಾರು, ಕಾರ್ಯಾದೇಶ. ನಡುವೆ ಚುನಾವಣೆ ನೀತಿ ಸಂಹಿತೆ ಬಂದರೆ ಎಲ್ಲವೂ ನಿಂತಲ್ಲೇ ನಿಲ್ಲುತ್ತೆ.

ಐವತ್ತು ಲಕ್ಷ ಅಂದರೆ ಐವತ್ತು ಲಕ್ಷದ ಕಾಂಕ್ರೀಟ್ ಅಂತ ತಿಳಿಯಬೇಡಿ. ಜಿಎಸ್‌ಟಿ ಶೇ 18 ಇದರೊಳಗೇ ಇದ್ದರೆ, ಕೆಲಸದ ಬೆಲೆ 42 ಲಕ್ಷದ 37 ಸಾವಿರ, ತೆರಿಗೆ 7 ಲಕ್ಷದ 63 ಸಾವಿರ. ಸರ್ಕಾರ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಅಷ್ಟು ವಾಪಸ್ ತಗೊಂಡಂಗೆ. ಕಟ್ಟಡ ಕಾರ್ಮಿಕರ ಸೆಸ್ಸು ಶೇ 1, ಆದಾಯ ತೆರಿಗೆ ಮುರಿತ, ಮರಳು ಜಲ್ಲಿಯ ರಾಜಧನ, ಭದ್ರತಾ ಠೇವಣಿ ಎಲ್ಲ ಬಿಲ್ಲಿನಲ್ಲೇ ಮುರಿಯುತ್ತಾರೆ. ಇದರ ಮೇಲೆ ಗುತ್ತಿಗೆದಾರ ಟೆಂಡರ್‌ನಲ್ಲಿ ‘ಬಿಲೋ’ ಹೋಗಿರುತ್ತಾನೆ, ಅಂದರೆ ಎಸ್ಟಿಮೇಟ್‌ಗಿಂತ ಕಡಿಮೆ ದರ. ಶೇ 5 ಬಿಲೋ ಆದರೆ ಸರಿ. ಶೇ 25, 30 ಬಿಲೋ ಹೋದವನನ್ನು ನೋಡಿದರೆ ನನಗೆ ಆ ರಸ್ತೆಯ ಬಗ್ಗೆ ಭಯ ಆಗುತ್ತೆ. ಎಲ್ಲಿಂದ ಉಳಿಸುತ್ತಾನೆ?

ಉಳಿಸುವ ಜಾಗ ದಪ್ಪ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಲಸ ಆದ ಮೇಲೆ ಎಂಜಿನಿಯರ್ ಎಂಬಿ ಬುಕ್ ತಗೊಂಡು ಬರುತ್ತಾರೆ, ಅಳತೆ ಪುಸ್ತಕ. ಪ್ರತಿ ಪುಟಕ್ಕೂ ನಂಬರ್ ಇರುತ್ತೆ, ಪುಟ ಹರಿಯುವಂತಿಲ್ಲ. ಸಂಖ್ಯೆ, ಉದ್ದ, ಅಗಲ, ದಪ್ಪ, ಒಟ್ಟು ಅಂತ ಕಾಲಂ. ಮಟಮಟ ಮಧ್ಯಾಹ್ನ ಟೇಪಿನ ಒಂದು ತುದಿ ನಾನು ಹಿಡಿದು ನಿಲ್ಲುತ್ತಿದ್ದೆ, ಕಾದ ಕಾಂಕ್ರೀಟ್ ಮೇಲೆ ಚಪ್ಪಲಿ ಸುಡುತ್ತಿತ್ತು. ಉದ್ದ 100 ಮೀಟರ್, ಅಗಲ 4, ದಪ್ಪ 15 ಸೆಂ.ಮೀ. ಗುಣಿಸಿದರೆ 60 ಘನ ಮೀಟರ್ ಕಾಂಕ್ರೀಟ್. ಉದ್ದ, ಅಗಲ ಯಾರು ಬೇಕಾದರೂ ಅಳೆಯಬಹುದು. ದಪ್ಪ? ಅದು ನೆಲದೊಳಗೆ. ಅಲ್ಲಿ ಬರೀ 2 ಸೆಂ.ಮೀ. ಕಡಿಮೆ ಮಾಡಿ 13ಕ್ಕೆ ನಿಲ್ಲಿಸಿದರೆ ಬೀಳುವುದು 52 ಘನ ಮೀಟರ್. ಎಂಟು ಘನ ಮೀಟರ್ ಉಳಿಯಿತು, ಒಂದು ಮಿಕ್ಸರ್ ಲಾರಿಗಿಂತ ಜಾಸ್ತಿ. ನೋಡಲು ರಸ್ತೆ ಒಂದೇ ಥರ. ಎರಡು ಕಬ್ಬಿನ ಹಂಗಾಮು ಕಳೆದು, ಟ್ರ್ಯಾಕ್ಟರ್ ಓಡಾಡಿದ ಮೇಲೆ ಗೊತ್ತಾಗುತ್ತೆ. ಅದಕ್ಕೇ ಥರ್ಡ್ ಪಾರ್ಟಿ ತಪಾಸಣೆ ಅಂತ ಮಾಡುತ್ತಾರೆ, ರಸ್ತೆ ಕೊರೆದು ಸಿಲಿಂಡರ್ ಥರ ತುಂಡು ತೆಗೆದು ನೋಡುತ್ತಾರೆ. ಕೊರೆದ ಜಾಗಕ್ಕೆ ಮತ್ತೆ ಸಿಮೆಂಟ್ ಮೆತ್ತಿದ ದುಂಡನೆ ಗುರುತು ನಿಮ್ಮ ಓಣಿಯಲ್ಲಿ ಕಂಡರೆ ಅದು ಒಳ್ಳೆಯ ಸುದ್ದಿ.

ಅಳತೆ ಆಯಿತು, ಬಿಲ್ ಆಯಿತು. ಈಗ ಬಿಡುಗಡೆಯ ಕಾಯುವಿಕೆ. ಅನುದಾನ ಕಂತಿನಲ್ಲಿ ಬರುತ್ತೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನದು ಬರುವುದಿಲ್ಲ. ಎಲ್ಲೋ ನಾಲ್ಕು ಊರಿನವರು ಪ್ರಮಾಣಪತ್ರ ಕಳಿಸಿಲ್ಲ ಅಂತ ಕಳಿಸಿದವರ ಹಣವೂ ಕೂತದ್ದನ್ನು ನೋಡಿದ್ದೇನೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಬಜೆಟ್‌ನಲ್ಲಿ ಇಟ್ಟದ್ದು ಹತ್ತು ರೂಪಾಯಿ ಇರುತ್ತೆ, ಮಂಜೂರು ಮಾಡಿದ ಕೆಲಸ ಮೂವತ್ತು ರೂಪಾಯಿಯದು. ಪಕ್ಷ ಯಾವುದಾದರೂ ಅಷ್ಟೇ. ಮಂಜೂರಾತಿ ಪತ್ರಕ್ಕೆ ದುಡ್ಡು ಬೇಕಾಗಿಲ್ಲ, ಕಾಗದ ಸಾಕು. ದುಡ್ಡು ಬೇಕಾಗುವುದು ಬಿಲ್ಲಿಗೆ. ಹಾಗಾಗಿ ಈ ವರ್ಷದ ಹತ್ತು ರೂಪಾಯಿ ಹೋದ ವರ್ಷದ ಬಾಕಿ ಬಿಲ್ಲಿಗೆ ಹೋಗುತ್ತೆ, ಈ ವರ್ಷದ ಕೆಲಸ ‘ಮುಂದುವರಿದ ಕಾಮಗಾರಿ’ ಆಗಿ ಮುಂದಿನ ಬಜೆಟ್ ಕಡೆ ಬಾಯಿ ಬಿಡುತ್ತೆ. ಮಾರ್ಚ್ ತಿಂಗಳಲ್ಲಿ ಖಜಾನೆ ಮುಂದೆ ಗುತ್ತಿಗೆದಾರರು ಯಾಕೆ ಕೂತಿರುತ್ತಾರೆ ಅಂತ ಈಗ ಗೊತ್ತಾಯ್ತಲ್ವಾ. 31ರ ರಾತ್ರಿ ದಾಟಿದರೆ ಬಿಡುಗಡೆಯಾದ ಹಣವೂ ವಾಪಸ್ ಹೋಗಬಹುದು.

ನೆರೆ ಬಂದಾಗಿನ ಹಣದ ಬಗ್ಗೆ ಒಂದು ಮಾತು ಹೇಳದಿದ್ದರೆ ಬೆಳಗಾವಿ, ಬಾಗಲಕೋಟೆಯವರು ಬೈಯುತ್ತಾರೆ. 2019ರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ರಸ್ತೆ, ಸೇತುವೆ ಕಿತ್ತು ಹೋದವು. ವಿಪತ್ತು ನಿಧಿಯ ಆಗಿನ ನಿಯಮದಲ್ಲಿ ಹಳ್ಳಿ ರಸ್ತೆ ರಿಪೇರಿಗೆ ಕಿ.ಮೀ.ಗೆ 60 ಸಾವಿರ, ಜಿಲ್ಲಾ ಮುಖ್ಯರಸ್ತೆ ಮತ್ತು ರಾಜ್ಯ ಹೆದ್ದಾರಿಗೆ ಒಂದು ಲಕ್ಷ. 60 ಸಾವಿರಕ್ಕೆ ಒಂದು ಕಿ.ಮೀ.ನಲ್ಲಿ ಗುಂಡಿಗೆ ಮುರುಮ್ ತುಂಬಬಹುದು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದು ತುರ್ತಾಗಿ ದಾರಿ ಬಿಡಿಸಲು ಇರುವ ಹಣ, ಮೊದಲಿನಂತೆ ರಸ್ತೆ ಕಟ್ಟಲು ಅಲ್ಲ. ಕಟ್ಟಲು ಬೇರೆ ಅನುದಾನ, ಬೇರೆ ಫೈಲು, ಮತ್ತೆ ಮೊದಲಿನಿಂದ.

ಇದನ್ನೆಲ್ಲ ಒಂದು ಸಂಜೆ ಕಾಕಾಗೆ ಹೇಳಿ, ‘ಯಾರ್ ತಿಂದ್ರು’ ಬಿಟ್ಟು ಮೂರು ಪ್ರಶ್ನೆ ಕೇಳ್ರಿ ಅಂದೆ. ಯಾವ ಯೋಜನೆಯ ಹಣ? ಟೆಂಡರ್ ಆಗಿದೆಯಾ, ಕಾರ್ಯಾದೇಶದ ತಾರೀಕು ಏನು? ಎಷ್ಟು ಬಿಡುಗಡೆ ಆಗಿದೆ? ಬಾಯಿ ಮಾತಿಗೆ ಉತ್ತರ ಬರದಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಹಾಕ್ರಿ, 30 ದಿನ ಗಡುವು. ಎಂಬಿ ಬುಕ್ ನೋಡಬಹುದು. ಕೆಲಸದ ಜಾಗ ತಪಾಸಣೆ ಮಾಡಬಹುದು. 2005ರ ಆ ಕಾಯ್ದೆಯಲ್ಲಿ ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಕೇಳುವ ಹಕ್ಕೂ ಇದೆ, ಅಂದರೆ ರಸ್ತೆಯ ತುಂಡು! ಬಹಳ ಜನಕ್ಕೆ ಇದು ಗೊತ್ತಿಲ್ಲ.

ಕಾಕಾ ಅರ್ಜಿವರೆಗೆ ಹೋಗಲಿಲ್ಲ. ಸೋಮವಾರ ಬೆಳಗ್ಗೆ ಟೊಪ್ಪಿಗೆ ಹಾಕಿಕೊಂಡು ನೇರ ಪುರಸಭೆಗೆ ಹೋಗಿ ಕೂತರು. ಮಧ್ಯಾಹ್ನ ನಮ್ಮ ಮನೆ ಮುಂದೆ ಬಂದು ನಿಂತರು.

“ವಿಶೇಷ ಅನುದಾನದಾಗ ಐತಂತ. ಟೆಂಡರ್ ಎರಡ್ ಸಲ ಕರ್ದಾರ, ಯಾರೂ ಹಾಕಿಲ್ಲ. ಹಳೇ ಬಿಲ್ಲೇ ಬಂದಿಲ್ಲ, ಹೊಸಾ ಕೆಲಸ ಯಾರ್ ಹಿಡೀತಾರ ಅಂತ. ಮೂರನೇ ಸಲಕ್ಕ ಒಬ್ಬಾಂವ ಹಾಕ್ಯಾನ. ಎಂಟು ಪರ್ಸೆಂಟ್ ಅಬೋವ್.”

“ದರ ಇಳಿಸು ಅಂತ ಮಾತಾಡ್ತಾರ್ರಿ ಕಾಕಾ. ಇಳೀಲಿಲ್ಲ ಅಂದ್ರ...”

“ಇಳೀಲಿಲ್ಲ ಅಂದ್ರ ಐವತ್ತರಾಗ ಕೂರಿಸಬೇಕಲ್ಲ. ರಸ್ತಾ ಸಣ್ಣದಾಗತೈತಿ, ಹೌದಲ್ಲೋ?”

ನಾನು ಹೂಂ ಅಂದೆ. ಕಾಕಾ ಓಣಿಯ ಬಾಯಿಂದ ಕೊನೆಯವರೆಗೆ ಒಮ್ಮೆ ನೋಡಿದರು. ಆಮೇಲೆ ಅಲ್ಲಿಂದಲೇ ಹೆಜ್ಜೆ ಹಾಕುತ್ತಾ ಎಣಿಸತೊಡಗಿದರು. ಅವರ ಮನೆಗೆ ಎರಡು ಮನೆ ಇರುವಾಗ ನಿಂತು, ಚಪ್ಪಲಿಯಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದರು.